ಕೊನೆಯ ಫ್ರಾಸ್ಟ್ ದಿನಾಂಕ ಮುಹೂರ್ತವಲ್ಲ

ಏಪ್ರಿಲ್ ಕೊನೆಯಲ್ಲಿ ಕೆನಡಾದ ಸಸ್ಕಾಚೆವಾನ್‌ನಲ್ಲಿ ನಾಲ್ಕು ದಿನ ಬಿಸಿಲು ಕಾದರೆ ಸಾಕು, ಬೆಳೆಯ ಸಲಹೆ ಕೇಳುವವರಿಂದ ನನ್ನ ಫೋನಿಗೆ ಬಿಡುವಿಲ್ಲ. ಸಾವಿರಾರು ಎಕರೆ ಕನೋಲಾ (ಸಾಸಿವೆಯ ಬಳಗದ ಎಣ್ಣೆಕಾಳು) ಬಿತ್ತುವ ರೈತರೂ, ಕಿಟಕಿಯ ಬಳಿ ಹೀರೆ ಸಸಿ ಎಬ್ಬಿಸಿಕೊಂಡಿರುವ ನಮ್ಮ ಕನ್ನಡದ ಕುಟುಂಬಗಳೂ ಕೇಳುವುದು ಒಂದೇ ಪ್ರಶ್ನೆ: "ಈಗ ಹವಾಮಾನವೇ ಬಿಸಿಯಾಗಿದೆಯಲ್ಲ, ಹದಿನೈದು ದಿನ ಮುಂಚೆ ಹಾಕಿದರೆ ಏನು ತಪ್ಪು?" ಊರಿನಿಂದ ಕರೆ ಮಾಡುವ ನೆಂಟರದು ಇನ್ನೊಂದು ರಾಗ: "ಭೂಮಿ ಬಿಸಿಯಾದರೆ ನಿಮ್ಮ ಕಡೆಯವರಿಗೆ ಲಾಭವೇ ಬಿಡಿ."

ಲಾಭ ಇಲ್ಲವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಕೆನಡಾದಲ್ಲಿ ಬೆಳೆಗೆ ಸಿಗುವ ಅವಧಿ 1948ರಿಂದ ಈಚೆಗೆ ಸರಾಸರಿ ಎರಡು ವಾರದಷ್ಟು ಹಿಗ್ಗಿದೆ. ನನ್ನ ತಕರಾರೆಲ್ಲ ಆ ಸರಾಸರಿಯನ್ನು ಜನ ಓದುವ ರೀತಿಯ ಬಗ್ಗೆ.

ಇಲ್ಲಿನ ಪ್ರತಿ ಊರಿಗೂ ಕೊನೆಯ ಫ್ರಾಸ್ಟ್ ದಿನಾಂಕವೆಂದು ಒಂದಿರುತ್ತದೆ. ವಸಂತದಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದು, ಎಲೆಯಲ್ಲಿರುವ ನೀರು ಹೆಪ್ಪುಗಟ್ಟುವ ಕೊನೆಯ ರಾತ್ರಿ ಅದು. ಉದಾಹರಣೆಗೆ ಮೇ 20 ಎಂದಿಟ್ಟುಕೊಳ್ಳಿ. ಹಲವು ದಶಕಗಳ ದಾಖಲೆಯನ್ನು ಸಾಲಾಗಿ ಜೋಡಿಸಿ ನಡುವಿನಿಂದ ಎತ್ತಿಕೊಂಡ ದಿನ ಅದು. ಹಾಗೆಂದರೆ ಹೆಚ್ಚುಕಡಿಮೆ ಅರ್ಧದಷ್ಟು ವರ್ಷಗಳಲ್ಲಿ ಮೇ 20 ಕಳೆದ ಮೇಲೂ ಫ್ರಾಸ್ಟ್ ಬಿದ್ದಿದೆ. ಜನ ಮಾತ್ರ ಅದನ್ನು ಪಂಚಾಂಗದ ಮುಹೂರ್ತದಂತೆ ಹಿಡಿದುಕೊಳ್ಳುತ್ತಾರೆ. ಈಗ ಆ ದಿನ ಮೇ 13ಕ್ಕೆ ಸರಿಯಿತು ಎನ್ನಿ. ಸರಿದದ್ದು ನಡುವಿನ ದಿನ. ವರ್ಷದಿಂದ ವರ್ಷಕ್ಕೆ ಆಗುವ ಏರುಪೇರು ಎಲ್ಲಿಗೂ ಹೋಗಿಲ್ಲ. ಜೂನ್ ಮೊದಲ ವಾರದ ಒಂದೇ ಒಂದು ರಾತ್ರಿ ಬೆಳೆಯನ್ನು ಮುಗಿಸಬಲ್ಲದು, ಉಳಿದ ರಾತ್ರಿಗಳು ಎಷ್ಟು ಬೆಚ್ಚಗಿದ್ದರೂ ಅದನ್ನು ತಿರುಗಿ ತರಲಾರವು.

ಇನ್ನೂ ಕೆಟ್ಟದ್ದೆಂದರೆ, ಬೇಗ ಬರುವ ಸೆಕೆ ಗಿಡವನ್ನೇ ಮೋಸಗೊಳಿಸುತ್ತದೆ. 2012ರ ಮಾರ್ಚ್‌ನಲ್ಲಿ ಪೂರ್ವ ಕೆನಡಾದ ಒಂಟಾರಿಯೊ ಮತ್ತು ಅದರ ಪಕ್ಕದ ಅಮೆರಿಕದ ಮಿಷಿಗನ್‌ನಲ್ಲಿ ಬೇಸಿಗೆಯಂಥ ಬಿಸಿಲು ಬಿತ್ತು. ಸೇಬಿನ ಮರಗಳು ವಾರಗಟ್ಟಲೆ ಮುಂಚೆಯೇ ಕಣ್ಣು ಬಿಟ್ಟವು. ಆಮೇಲೆ ಏಪ್ರಿಲ್ ಬಂತು, ಏಪ್ರಿಲ್‌ನ ಚಳಿಯೂ ಅದರ ಜೊತೆಗೇ ಬಂತು. ಆ ಚಳಿಯಲ್ಲಿ ವಿಶೇಷವೇನೂ ಇರಲಿಲ್ಲ, ಆ ತಿಂಗಳಿಗೆ ಅದು ಸಹಜವೇ. ಮೊಗ್ಗು ಮುಚ್ಚಿಕೊಂಡು ಮಲಗಿದ್ದರೆ ಮರಕ್ಕೆ ಅದರ ಅರಿವೂ ಆಗುತ್ತಿರಲಿಲ್ಲ. ಆದರೆ ಅರಳಿದ ಸೇಬಿನ ಹೂವಿಗೆ ಮೈನಸ್ 2.2 ಡಿಗ್ರಿಯಲ್ಲಿ ಅರ್ಧ ಗಂಟೆ ಕಳೆದರೆ ನೂರಕ್ಕೆ ಹತ್ತು ಸಾಯುತ್ತವೆ. ಮೈನಸ್ 3.9ಕ್ಕೆ ಇಳಿದರೆ ತೊಂಬತ್ತು. ನಡುವಿನ ಅಂತರ ಎರಡು ಡಿಗ್ರಿಯೂ ಇಲ್ಲ. ಆ ವರ್ಷ ಒಂಟಾರಿಯೊದಲ್ಲಿ ಸುಮಾರು ಶೇಕಡ 80ರಷ್ಟು, ಮಿಷಿಗನ್‌ನಲ್ಲಿ ಸುಮಾರು ಶೇಕಡ 90ರಷ್ಟು ಸೇಬು ಹೋಯಿತು. ಸತ್ತ ಹೂವನ್ನು ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ದಳ ಬೆಳ್ಳಗೇ ಇರುತ್ತದೆ. ಉಗುರಿನಿಂದ ಸೀಳಿ ನೋಡಿ: ಒಳಗೆ ಹಸಿರಿರಬೇಕಾದ ನಡುಭಾಗ ಕಂದು ತಿರುಗಿರುತ್ತದೆ.

ಎಲ್ಲ ಬೆಳೆಗೂ ಒಂದೇ ಲೆಕ್ಕ ಎಂದು ಮಾತ್ರ ತಿಳಿಯಬೇಡಿ. ನಮ್ಮ ದೇಶದ ಅಂಗಡಿಗಳಿಗೂ ಹೋಗುವ ಇಲ್ಲಿನ ಮಸೂರ ಮತ್ತು ಬಟಾಣಿಯ ಬೆಳೆಯುವ ಕುಡಿಗಳು ಮಣ್ಣಿನ ಕೆಳಗೂ ಇರುತ್ತವೆ. ಮೇಲಿನ ಎಲೆ ಕಪ್ಪಾದರೂ ಕೆಳಗಿನಿಂದ ಮತ್ತೆ ಚಿಗುರುತ್ತವೆ. ಕನೋಲಾಗೆ ಆ ಭಾಗ್ಯವಿಲ್ಲ. ಅದರ ಕುಡಿ ಎರಡು ಬೀಜದಳಗಳ ನಡುವೆ ಬಯಲಿನಲ್ಲೇ ಕೂತಿರುತ್ತದೆ. ಹಾಗೆಂದು ಫ್ರಾಸ್ಟ್ ಬಿದ್ದ ಮರುದಿನ ಬೆಳಗ್ಗೆಯೇ "ಎಲ್ಲ ಹೋಯಿತು, ಮತ್ತೆ ಬಿತ್ತುತ್ತೇನೆ" ಎಂದು ಕರೆ ಮಾಡುವವರಿಗೂ ನನ್ನ ಉತ್ತರ ಒಂದೇ: ಮೂರು ನಾಲ್ಕು ದಿನ ತಡೆಯಿರಿ. ಬೀಜದಳ ಬೆಂದ ಸೊಪ್ಪಿನಂತಾಗಿದ್ದರೂ ನಡುವೆ ಹಸಿರು ಚುಕ್ಕೆ ಉಳಿದಿದ್ದರೆ ಗಿಡ ಬದುಕುವ ಸಾಧ್ಯತೆ ಇದೆ.

ಮುನ್ಸೂಚನೆಯಲ್ಲಿ ಎರಡು ಡಿಗ್ರಿ ಎಂದಿತ್ತು, ಆದರೂ ಗಿಡ ಸತ್ತಿತು ಎಂಬ ದೂರು ಪ್ರತಿ ವರ್ಷವೂ ಬರುತ್ತದೆ. ಹವಾಮಾನ ಕೇಂದ್ರದ ಥರ್ಮಾಮೀಟರ್ ಇರುವುದು ನೆಲದಿಂದ ಆಳೆತ್ತರದ ಪೆಟ್ಟಿಗೆಯಲ್ಲಿ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲಕ್ಕಂಟಿದ ಎಲೆ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ತಣ್ಣಗಿರಬಹುದು, ತಗ್ಗಿನಲ್ಲಿ ಇನ್ನೂ ಹೆಚ್ಚು. ಸಸ್ಕಟೂನ್‌ನಲ್ಲಿ ಮಗನ ಮನೆಗೆ ಬಂದಿದ್ದ ಹಾಸನದ ಕಡೆಯ ಅಜ್ಜಿಯೊಬ್ಬರು ಹೀಗೊಂದು ರಾತ್ರಿ ಮೆಣಸಿನ ಗಿಡಗಳಿಗೆಲ್ಲ ಹಳೆಯ ಸೀರೆ ಹೊದೆಸಿದರು. ಮಗ ಮೊಬೈಲ್ ತೋರಿಸಿ ನಕ್ಕನಂತೆ. ಮೆಣಸು ಉಳಿಯಿತು, ಅವನು ನೆಟ್ಟ ಟೊಮೆಟೊ ಉಳಿಯಲಿಲ್ಲ. "ಫ್ರಾಸ್ಟ್ ಬರುತ್ತದೆಂದು ಹೇಗೆ ತಿಳಿಯಿತಮ್ಮ?" ಎಂದು ಕೇಳಿದೆ. "ಅದೇನೋ ನನಗೆ ಗೊತ್ತಿಲ್ಲಪ್ಪ. ನನಗೆ ಚಳಿಯಾಗುತ್ತಿತ್ತು, ಅವಕ್ಕೂ ಆಗುತ್ತದಲ್ಲವೇ?" ಎಂದರು.

ವಸಂತದ ಕಡೆ ಗಳಿಸಿದ್ದನ್ನು ಶರತ್ಕಾಲ ಕಸಿಯಬಹುದು. 2004ರ ಆಗಸ್ಟ್ 20ರಂದು ಇಲ್ಲಿನ ಬಯಲಿನ ಮೇಲೆ ಬಿದ್ದ ಫ್ರಾಸ್ಟ್ ಅನ್ನು ಹಳಬರು ಈಗಲೂ ನೆನೆಯುತ್ತಾರೆ. ಬಲಿಯದ ಕನೋಲಾ ಹೆಪ್ಪುಗಟ್ಟಿದರೆ ಕಾಳಿನೊಳಗಿನ ಹಸಿರು ಅಲ್ಲೇ ನಿಂತುಬಿಡುತ್ತದೆ. ಹಸಿರು ಕಾಳು ಶೇಕಡ 2 ಮೀರಿದರೆ ಮೊದಲ ದರ್ಜೆ ತಪ್ಪುತ್ತದೆ, ಬೆಲೆಯೂ ಇಳಿಯುತ್ತದೆ. ಬಿಸಿಯೂ ಪುಕ್ಕಟೆಯಲ್ಲ: 2021ರ ಬರ ಮತ್ತು ಸೆಕೆಯಲ್ಲಿ ಕನೋಲಾ ಹೂ ಉದುರಿಸಿ ನಿಂತದ್ದನ್ನು ನೋಡಿದವರು ಬೆಚ್ಚಗಿದ್ದರೆ ಒಳ್ಳೆಯದು ಎನ್ನುವುದಿಲ್ಲ.

ನಮಗಿಂತ ದಕ್ಷಿಣದ ಪ್ರದೇಶಗಳಿಂದ, ಬಲಿಯಲು ಹೆಚ್ಚು ದಿನ ಬೇಡುವ ತಳಿ ತರುವ ಆಸೆಯೂ ಕೆಲವರಿಗಿದೆ. ಉಷ್ಣಾಂಶ ಬದಲಾಗಬಹುದು, ಅಕ್ಷಾಂಶ ಬದಲಾಗುವುದಿಲ್ಲ. ಜೂನ್‌ನಲ್ಲಿ ಇಲ್ಲಿ 16 ಗಂಟೆಗೂ ಮೀರಿದ ಹಗಲು. ಅಷ್ಟು ಉದ್ದದ ಹಗಲಿನಲ್ಲಿ ದಕ್ಷಿಣದ ಸೋಯಾ ಹೂ ಬಿಡುವುದನ್ನೇ ಮುಂದೂಡುತ್ತದೆ. ಈ ಬಯಲನ್ನು ಗೋಧಿಯ ನಾಡಾಗಿಸಿದ ಮಾರ್ಕ್ವಿಸ್ ತಳಿಯ ದೊಡ್ಡ ಗುಣವೇ ಬೇಗ ಕೊಯ್ಲಿಗೆ ಬರುವುದು. ಅದರ ಹೆತ್ತವರಲ್ಲಿ ಒಂದು ನಮ್ಮ ಭಾರತದ ಹಾರ್ಡ್ ರೆಡ್ ಕಲ್ಕತ್ತಾ ಗೋಧಿ, ಇನ್ನೊಂದು ರೆಡ್ ಫೈಫ್. ರೆಡ್ ಫೈಫ್‌ಗಿಂತ ಸುಮಾರು ಒಂದು ವಾರ ಮುಂಚೆ ಅದು ಬಲಿಯುತ್ತಿತ್ತು. ಅವಧಿ ಹಿಗ್ಗಿದೆಯೆಂದು ಆ ವಾರವನ್ನು ಬಿಟ್ಟುಕೊಡಲು ನಾನಾದರೋ ಸಲಹೆ ಕೊಡಲಾರೆ.

ನಿಮ್ಮ ಹೊಲದ ಮಣ್ಣು, ಇಳಿಜಾರು, ಸಾಲ ಇವೆಲ್ಲ ನೋಡದೆ ಇಂಥ ದಿನವೇ ಬಿತ್ತಿ ಎಂದು ದೂರದಿಂದ ಹೇಳುವುದು ಸರಿಯಲ್ಲ. ಕರೆ ಮಾಡುವ ಮೊದಲು ಮಾತ್ರ ಒಂದು ಕೆಲಸ ಮಾಡಿ: ಬೀಜ ಕೂರುವ ಆಳಕ್ಕೆ ಥರ್ಮಾಮೀಟರ್ ಚುಚ್ಚಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಓದಿ ಬರೆದಿಡಿ. ಎಲ್ಲ ಹೊಲವನ್ನೂ ಒಂದೇ ವಾರದಲ್ಲಿ ಮುಗಿಸುವ ಹಟ ಬೇಡ. ಮಸೂರ, ಬಟಾಣಿ, ಗೋಧಿ ಮೊದಲು ಹೋಗಲಿ, ಕನೋಲಾ ಆಮೇಲೆ, ತಗ್ಗಿನ ಜಾಗ ಎಲ್ಲಕ್ಕಿಂತ ಕೊನೆಗೆ. ಹೀರೆ ಸಸಿಗಳ ವಿಷಯಕ್ಕೆ ಬಂದರೆ, ಜೂನ್‌ವರೆಗೆ ಕಿಟಕಿಯ ಬಳಿಯೇ ಇರಲಿ, ದಯವಿಟ್ಟು.