ಜೇನುಬಣ್ಣದ ಹಕ್ಕಳೆಗೆ ಯಾವ ಮದ್ದು? ಇಂಪೆಟಿಗೋ ಚಿಕಿತ್ಸೆ ಇಷ್ಟು ಸಲ ಯಾಕೆ ಬದಲಾಯಿತು

ಮಗುವಿನ ಮೂಗಿನ ಕೆಳಗೆ ಒಂದು ಚಿಕ್ಕ ಗುಳ್ಳೆ ಏಳುತ್ತದೆ. ಅದು ಬೇಗ ಒಡೆದು ನೀರು ಸೋರುತ್ತದೆ. ಒಣಗಿದ ಮೇಲೆ ಜೇನುತುಪ್ಪದ ಬಣ್ಣದ ಹಕ್ಕಳೆ ಕಟ್ಟುತ್ತದೆ. ತುರಿಸಿಕೊಂಡ ಕೈ ಮುಂದೆ ಎಲ್ಲಿಗೆ ಹೋಗುತ್ತದೋ ಅಲ್ಲಿ ಇನ್ನೊಂದು ಏಳುತ್ತದೆ. ಇದೇ ಇಂಪೆಟಿಗೋ. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಜಾಸ್ತಿ. ವೈದ್ಯರು ಬಹುತೇಕ ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಗುರುತು ಹಿಡಿಯುವುದು ಸುಲಭ, ಮದ್ದಿನ ವಿಷಯಕ್ಕೆ ಬಂದರೆ ಮಾತ್ರ ಗೊಂದಲ. ಒಬ್ಬರು ಆಂಟಿಬಯಾಟಿಕ್ ಮುಲಾಮು ಬರೆದುಕೊಡುತ್ತಾರೆ. ಇನ್ನೊಬ್ಬರು ಏಳು ದಿನದ ಸಿರಪ್ ಕೊಡುತ್ತಾರೆ. ಮತ್ತೊಬ್ಬರು ಆಂಟಿಬಯಾಟಿಕ್ಕೇ ಬೇಡ, ಕ್ರಿಮಿನಾಶಕ ಕ್ರೀಮ್ ಹಚ್ಚಿ ನೋಡೋಣ ಅನ್ನುತ್ತಾರೆ. ಇಷ್ಟು ಸಣ್ಣ ಕಾಯಿಲೆಗೆ ಮೂರು ದಾರಿ ಯಾಕೆ ಅಂತ ತಂದೆತಾಯಿಗೆ ಅನಿಸುವುದು ಸಹಜ ಅಲ್ವಾ? ಹಾಗಂತ ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಂದೊಂದು ಸಲಹೆ ಹುಟ್ಟಿದ್ದು ಒಂದೊಂದು ಕಾಲದಲ್ಲಿ.

ಇದು ಅಂಟುವ ಚರ್ಮರೋಗ ಎಂದು ಇಂಗ್ಲೆಂಡಿನ ವೈದ್ಯ ಟಿಲ್ಬರಿ ಫಾಕ್ಸ್ 1860ರ ದಶಕದಲ್ಲೇ ವಿವರಿಸಿದ್ದರು. ಅದಕ್ಕೆ ಎರಡು ಬ್ಯಾಕ್ಟೀರಿಯಾ ಕಾರಣ ಎಂಬುದು ಆಮೇಲೆ ತಿಳಿಯಿತು. ಒಂದು ಸ್ಟ್ರೆಪ್ಟೊಕಾಕಸ್ ಪಯೋಜಿನಸ್, ಇನ್ನೊಂದು ಸ್ಟ್ಯಾಫಿಲೊಕಾಕಸ್ ಆರಿಯಸ್. ಬಾಯಿಮಾತಿನಲ್ಲಿ ಸ್ಟ್ರೆಪ್ ಮತ್ತು ಸ್ಟ್ಯಾಫ್. ಕೆಲವು ಸಲ ಎರಡೂ ಒಂದೇ ಹುಣ್ಣಿನಲ್ಲಿ ಇರುತ್ತವೆ. ಈ ಜೋಡಿಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಗೊಂದಲದಲ್ಲಿ ಅರ್ಧ ಪಾಲು ಇವುಗಳದ್ದೇ.

ಆಂಟಿಬಯಾಟಿಕ್ ಬರುವ ಮೊದಲು ಪಾದರಸ ಬೆರೆಸಿದ ಮುಲಾಮು, ಜೆನ್ಶನ್ ವಯಲೆಟ್ ಎಂಬ ನೇರಳೆ ಬಣ್ಣದ ದ್ರಾವಣ, ಆಮೇಲೆ ಸಲ್ಫಾ ಮದ್ದುಗಳು ಬಳಕೆಯಲ್ಲಿದ್ದವು. 1940ರ ದಶಕದಲ್ಲಿ ಪೆನಿಸಿಲಿನ್ ಬಂತು. ಅದನ್ನು ಮುಲಾಮಾಗಿಯೂ ಹಚ್ಚಿದರು. ಆದರೆ ಹಚ್ಚಿದ ಪೆನಿಸಿಲಿನ್‌ನಿಂದ ಅನೇಕರಿಗೆ ಅಲರ್ಜಿ ಶುರುವಾಯಿತು, ಆ ರೂಢಿ ನಿಂತಿತು. ಅಷ್ಟರಲ್ಲಿ ಸ್ಟ್ಯಾಫ್ ಕೂಡ ಪಾಠ ಕಲಿತಿತ್ತು. 1940ರ ದಶಕ ಮುಗಿಯುವ ಮೊದಲೇ ಲಂಡನ್‌ನ ಆಸ್ಪತ್ರೆಯೊಂದರಲ್ಲಿ ಬ್ಯಾಕ್ಟೀರಿಯಾ ತಜ್ಞೆ ಮೇರಿ ಬಾರ್ಬರ್ ಪರೀಕ್ಷಿಸಿದ ಸ್ಟ್ಯಾಫ್ ಮಾದರಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪೆನಿಸಿಲಿನ್‌ಗೆ ಬಗ್ಗುತ್ತಿರಲಿಲ್ಲ. ಸ್ಟ್ರೆಪ್ ಮಾತ್ರ ಇವತ್ತಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ.

ಹಾಗಾಗಿ ಇಂಪೆಟಿಗೋಗೆ ಸ್ಟ್ರೆಪ್ಪೇ ಮುಖ್ಯ ಕಾರಣ ಎಂದು ನಂಬಿದ್ದಷ್ಟು ಕಾಲ ಪೆನಿಸಿಲಿನ್ ಚುಚ್ಚುಮದ್ದೇ ಸರಿಯಾದ ದಾರಿಯಾಗಿ ಕಂಡಿತು. ಅದರ ಹಿಂದೆ ಒಂದು ಭಯವೂ ಇತ್ತು. ಸ್ಟ್ರೆಪ್‌ನ ಕೆಲವು ತಳಿಗಳು ಚರ್ಮಕ್ಕೆ ಅಂಟಿದ ಕೆಲವು ವಾರಗಳ ನಂತರ ಮೂತ್ರಪಿಂಡ ಊದಿಕೊಳ್ಳುತ್ತದೆ. ಮಗುವಿನ ಮುಖ ಬಾತುಕೊಳ್ಳುತ್ತದೆ, ಮೂತ್ರ ಕಂದುಬಣ್ಣಕ್ಕೆ ತಿರುಗುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ ಮೂಲನಿವಾಸಿಗಳ ರೆಡ್ ಲೇಕ್ ಪ್ರದೇಶದಲ್ಲಿ 1953ರಲ್ಲಿ ಇಂಥ ಅಲೆ ಎದ್ದಿತ್ತು, 1966ರಲ್ಲಿ ಮತ್ತೆ ಬಂತು. ಅಲ್ಲಿ ನಡೆದ ಅಧ್ಯಯನಗಳಿಂದ ಚರ್ಮದ ಸ್ಟ್ರೆಪ್ ಬಗ್ಗೆ ತುಂಬಾ ತಿಳಿದುಬಂತು. ಆದರೆ ಹುಣ್ಣಿಗೆ ಆಂಟಿಬಯಾಟಿಕ್ ಕೊಟ್ಟರೆ ಆ ಮಗುವಿನ ಮೂತ್ರಪಿಂಡ ಉಳಿಯುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಆಮೇಲೂ ಸಿಗಲಿಲ್ಲ. ಭಯ ಮಾತ್ರ ಬಹಳ ವರ್ಷ ಉಳಿಯಿತು, ಅದರ ಜೊತೆ ಔಷಧಿ ಬರೆಯುವ ಅಭ್ಯಾಸವೂ ಉಳಿಯಿತು.

1980ರ ದಶಕದ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಚಿತ್ರ ಬದಲಾಗಿತ್ತು. ಹುಣ್ಣಿನಿಂದ ತೆಗೆದ ಮಾದರಿಗಳಲ್ಲಿ ಈಗ ಸ್ಟ್ಯಾಫ್ ಮುಂದಿತ್ತು. ಬರೀ ಪೆನಿಸಿಲಿನ್ ಕೊಟ್ಟರೆ ಹುಣ್ಣು ಆರುತ್ತಿರಲಿಲ್ಲ. ಅದರ ಜಾಗಕ್ಕೆ ಕ್ಲಾಕ್ಸಾಸಿಲಿನ್, ಸೆಫಲೆಕ್ಸಿನ್, ಎರಿಥ್ರೋಮೈಸಿನ್ ಎಂಬ ಬೇರೆ ಆಂಟಿಬಯಾಟಿಕ್‌ಗಳು ಬಂದವು. ಅದೇ ಸಮಯಕ್ಕೆ ಮುಲಾಮುಗಳ ಯುಗ ಶುರುವಾಯಿತು. ಇವತ್ತು ನಾವು ಇರುವ ಸ್ಥಿತಿಗೆ ಈ ಯುಗವೇ ಕಾರಣ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲಬೇಕು.

ಮುಪಿರೋಸಿನ್ ಎಂಬ ಮುಲಾಮು 1985ರಲ್ಲಿ ಬ್ರಿಟನ್‌ನಲ್ಲಿ ಮಾರುಕಟ್ಟೆಗೆ ಬಂತು. ಸೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಮದ್ದು ಇದು. ಅಂದರೆ ಒಂದು ಬ್ಯಾಕ್ಟೀರಿಯಾ ಇನ್ನೊಂದರ ವಿರುದ್ಧ ಇಟ್ಟುಕೊಂಡ ಆಯುಧ. ಪ್ರೋಟೀನ್ ಕಟ್ಟಲು ಬ್ಯಾಕ್ಟೀರಿಯಾಕ್ಕೆ ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲ ಬೇಕು. ಅದನ್ನು ಸರಿಯಾದ ಜಾಗಕ್ಕೆ ಸಾಗಿಸಲು ಸಿದ್ಧಮಾಡುವ ಕಿಣ್ವವನ್ನೇ ಮುಪಿರೋಸಿನ್ ಹಿಡಿದು ಕೂರುತ್ತದೆ. ಪ್ರೋಟೀನ್ ಕೆಲಸ ನಿಲ್ಲುತ್ತದೆ. ಈ ಬಗೆಯ ಹೊಡೆತ ಬೇರೆ ಯಾವ ಆಂಟಿಬಯಾಟಿಕ್‌ನಲ್ಲೂ ಬಳಕೆಯಲ್ಲಿರಲಿಲ್ಲ. ಆದ್ದರಿಂದ ಹಳೆಯ ಮದ್ದುಗಳಿಗೆ ಒಗ್ಗಿಹೋದ ಸ್ಟ್ಯಾಫ್ ಕೂಡ ಇದಕ್ಕೆ ಸೋಲುತ್ತಿತ್ತು. ರಕ್ತಕ್ಕೆ ಸೇರಿದರೆ ಬೇಗ ಒಡೆದುಹೋಗುವುದರಿಂದ ಇದು ಚರ್ಮಕ್ಕೂ ಮೂಗಿನ ಒಳಭಾಗಕ್ಕೂ ಮಾತ್ರ ಸರಿ. ಚಿಕ್ಕ ಹುಣ್ಣಿಗೆ ಇದಕ್ಕಿಂತ ಒಳ್ಳೆಯದು ಏನು ಬೇಕು ಅಂತ ಎಲ್ಲರಿಗೂ ಅನಿಸಿತು.

ಇನ್ನೊಂದು ಫ್ಯುಸಿಡಿಕ್ ಆಮ್ಲ. ಇದು 1960ರ ದಶಕದಲ್ಲೇ ಡೆನ್ಮಾರ್ಕ್‌ನಲ್ಲಿ ಒಂದು ಶಿಲೀಂಧ್ರದಿಂದ ಸಿಕ್ಕಿದ್ದು. ಯುರೋಪಿನಲ್ಲಿ ಇದರ ಕ್ರೀಮ್ ಮನೆಮಾತಾಯಿತು. ಇಂಪೆಟಿಗೋಗೆ ಹಚ್ಚಿದರು, ಸೋಂಕು ತಗುಲಿದ ಇಸುಬಿಗೆ ಹಚ್ಚಿದರು, ಕೆಲವು ಕಡೆ ಸುಮ್ನೆ ಯಾವುದೇ ಕೆಂಪಾದ ಚರ್ಮಕ್ಕೂ ಹಚ್ಚಿದರು. ಒಂದು ಟ್ಯೂಬ್ ಮನೆಗೆ ಬಂದರೆ ಪೂರ್ತಿ ಖಾಲಿಯಾಗುವುದಿಲ್ಲ. ಉಳಿದದ್ದನ್ನು ಮುಂದಿನ ಸಲ, ಇನ್ನೊಬ್ಬ ಮಗುವಿಗೆ, ಇನ್ಯಾವುದೋ ಹುಣ್ಣಿಗೆ ಬಳಸುತ್ತಾರೆ. ಮಾತ್ರೆಯನ್ನು ಎಣಿಸಿ ಕೊಡಬಹುದು. ಮುಲಾಮಿಗೆ ಆ ಲೆಕ್ಕ ಇರುವುದಿಲ್ಲ.

ಇದರ ಪರಿಣಾಮ ಮೊದಲು ಎದ್ದು ಕಂಡದ್ದು ಉತ್ತರ ಯುರೋಪಿನಲ್ಲಿ. 2000ದ ಆಸುಪಾಸಿನ ಬೇಸಿಗೆಗಳಲ್ಲಿ ನಾರ್ವೆ ಮತ್ತು ಸ್ವೀಡನ್‌ನಲ್ಲಿ ಇಂಪೆಟಿಗೋ ಎಂದಿಗಿಂತ ಜಾಸ್ತಿಯಾಯಿತು. ಮಕ್ಕಳಿಂದ ಸಿಕ್ಕ ಸ್ಟ್ಯಾಫ್ ಪರೀಕ್ಷಿಸಿದಾಗ ಒಂದೇ ಮೂಲದ ತಳಿ ಮತ್ತೆ ಮತ್ತೆ ಕಾಣಿಸಿತು. ಅದು ಫ್ಯುಸಿಡಿಕ್ ಆಮ್ಲಕ್ಕೆ ಬಗ್ಗುತ್ತಿರಲಿಲ್ಲ. ಬ್ರಿಟನ್‌ನಲ್ಲೂ ಅದೇ ತಳಿ ಇತ್ತು. ಫ್ಯುಸಿಡಿಕ್ ಆಮ್ಲವನ್ನು ಎದುರಿಸುವ, ಯುರೋಪಿನಾದ್ಯಂತ ಹರಡಿದ ಇಂಪೆಟಿಗೋ ತಳಿ ಎಂದೇ ಸಂಶೋಧಕರು ಅದನ್ನು ಕರೆದರು.

ಆ ತಳಿಯೊಳಗೆ ನಡೆಯುವುದನ್ನು ಹತ್ತಿರದಿಂದ ನೋಡಿ. ಪ್ರೋಟೀನ್ ಕಟ್ಟುವ ರೈಬೋಸೋಮ್ ಒಂದೊಂದು ಹೆಜ್ಜೆ ಮುಂದೆ ಸರಿಯಲು ಇಎಫ್-ಜಿ ಎಂಬ ಸಹಾಯಕ ಪ್ರೋಟೀನ್ ಬೇಕು. ಹೆಜ್ಜೆ ಮುಗಿದ ಮೇಲೆ ಅದು ಬಿಟ್ಟು ಹೋಗಬೇಕು. ಫ್ಯುಸಿಡಿಕ್ ಆಮ್ಲ ಅದನ್ನು ರೈಬೋಸೋಮ್‌ಗೆ ಅಂಟಿಸಿಬಿಡುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಈ ತಳಿಯಲ್ಲಿದ್ದ ಫಸ್-ಬಿ ಎಂಬ ಜೀನ್ ಇನ್ನೊಂದು ಪ್ರೋಟೀನ್ ತಯಾರಿಸುತ್ತದೆ. ಅದು ಬಂದು ಸಿಕ್ಕಿಬಿದ್ದ ಇಎಫ್-ಜಿಯನ್ನು ಬಿಡಿಸಿಕೊಂಡು ಹೋಗುತ್ತದೆ. ಮದ್ದು ಅಲ್ಲೇ ಇರುತ್ತದೆ, ಬ್ಯಾಕ್ಟೀರಿಯಾ ಕೆಲಸ ಮುಂದುವರಿಸುತ್ತದೆ. ಕ್ರೀಮ್ ಹಚ್ಚಿದ ಮಗುವಿನ ಚರ್ಮದಲ್ಲಿ ಉಳಿದ ಸ್ಟ್ಯಾಫ್ ಎಲ್ಲ ಸತ್ತು, ಈ ಒಂದು ತಳಿಗೆ ಜಾಗ ಖಾಲಿಯಾಗುತ್ತದೆ.

ನ್ಯೂಜಿಲೆಂಡ್‌ನ ಕಥೆ ಇನ್ನೂ ಸ್ಪಷ್ಟ. ಅಲ್ಲಿ 1990ರ ದಶಕದಲ್ಲಿ ಮುಪಿರೋಸಿನ್ ವೈದ್ಯರ ಚೀಟಿಯಿಲ್ಲದೆ ಸಿಗುತ್ತಿತ್ತು. ಆ ದಶಕ ಮುಗಿಯುವಷ್ಟರಲ್ಲಿ ಅದಕ್ಕೆ ಬಗ್ಗದ ಸ್ಟ್ಯಾಫ್ ಎದ್ದು ಕಾಣುವಷ್ಟು ಹೆಚ್ಚಿತು. 2000ರಲ್ಲಿ ಚೀಟಿ ಕಡ್ಡಾಯವಾಯಿತು. ಮುಪಿರೋಸಿನ್ ಬಳಕೆ ಇಳಿಯಿತು. ಆದರೆ ಹುಣ್ಣಿಗೆ ಏನಾದರೂ ಹಚ್ಚಲೇಬೇಕು ಎಂಬ ನಂಬಿಕೆ ಹಾಗೇ ಇತ್ತು. ಹಾಗಾಗಿ ಎಲ್ಲರೂ ಫ್ಯುಸಿಡಿಕ್ ಆಮ್ಲದ ಕಡೆ ತಿರುಗಿದರು. ಮುಂದಿನ ವರ್ಷಗಳಲ್ಲಿ ಅದಕ್ಕೆ ಬಗ್ಗದ ತಳಿಗಳು ಏರಿದವು. ಕೊನೆಗೆ ಅಲ್ಲಿನ ವೈದ್ಯರಿಗೆ ಹೋದ ಸಲಹೆ ಏನೆಂದರೆ ಚಿಕ್ಕ ಹುಣ್ಣಿಗೆ ಮುಲಾಮು ಆಂಟಿಬಯಾಟಿಕ್ ಬಿಡಿ, ತೊಳೆಯಿರಿ, ಕ್ರಿಮಿನಾಶಕ ನೋಡಿ.

ಇಲ್ಲಿ ಯಾರೋ ಒಬ್ಬರು ಎಡವಿದರು ಎನ್ನಲು ಆಗುವುದಿಲ್ಲ. ಅಳುವ ಮಗುವನ್ನು ಕರೆದುತಂದ ತಾಯಿ, ಹತ್ತು ನಿಮಿಷದಲ್ಲಿ ಮದ್ದು ಬರೆಯಬೇಕಾದ ವೈದ್ಯ, ಹುಣ್ಣು ವಾಸಿಯಾಗುವ ತನಕ ಬರಬೇಡ ಎನ್ನುವ ಶಾಲೆ, ಎಲ್ಲರ ಆತುರಕ್ಕೂ ಅರ್ಥವಿದೆ. ಆದರೆ ಫ್ಯುಸಿಡಿಕ್ ಆಮ್ಲ ಮೂಳೆ ಮತ್ತು ಕೀಲಿನ ಸ್ಟ್ಯಾಫ್ ಸೋಂಕಿಗೂ ಬೇಕಾಗುವ ಮದ್ದು. ಮುಪಿರೋಸಿನ್, ಶಸ್ತ್ರಚಿಕಿತ್ಸೆಗೆ ಮೊದಲು ಮೂಗಿನಲ್ಲಿ ಅಡಗಿದ ಸ್ಟ್ಯಾಫ್ ತೆಗೆಯಲು ಬೇಕಾಗುವ ಮದ್ದು. ಬಿಟ್ಟರೂ ಹೆಚ್ಚಿನ ಮಕ್ಕಳಲ್ಲಿ ಎರಡು ಮೂರು ವಾರದಲ್ಲಿ ಕಲೆಯಿಲ್ಲದೆ ವಾಸಿಯಾಗುವ ಹುಣ್ಣಿಗಾಗಿ ಇವನ್ನು ಸವೆಸಿಬಿಡುವುದು ದುಬಾರಿ ವ್ಯವಹಾರ.

ಹಾಗಂತ ಮುಲಾಮು ಕೆಲಸ ಮಾಡುವುದಿಲ್ಲ ಅಂತಲ್ಲ. ಕಾಕ್ರೇನ್ ಎಂಬುದು ಚಿಕಿತ್ಸೆಗಳ ಸಾಕ್ಷ್ಯವನ್ನು ಒಟ್ಟುಗೂಡಿಸಿ ತೂಗುವ ಸಂಸ್ಥೆ. 2012ರಲ್ಲಿ ಪರಿಷ್ಕರಿಸಿದ ಅದರ ವಿಮರ್ಶೆ 68 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಹುಣ್ಣು ಕೆಲವೇ ಜಾಗದಲ್ಲಿದ್ದರೆ ಮುಪಿರೋಸಿನ್ ಮತ್ತು ಫ್ಯುಸಿಡಿಕ್ ಆಮ್ಲದ ಮುಲಾಮು, ಬಾಯಿಂದ ತೆಗೆದುಕೊಳ್ಳುವ ಆಂಟಿಬಯಾಟಿಕ್‌ನಷ್ಟೇ ಅಥವಾ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂದಿತು. ಪೆನಿಸಿಲಿನ್ ಹಿಂದೆ ಬಿತ್ತು. ಕ್ರಿಮಿನಾಶಕಗಳ ಪರ ಒಳ್ಳೆಯ ಸಾಕ್ಷ್ಯ ಸಿಗಲಿಲ್ಲ. ಅವುಗಳ ಮೇಲೆ ಸರಿಯಾದ ಪ್ರಯೋಗಗಳೇ ಕಡಿಮೆ ನಡೆದಿದ್ದವು. ಹಳೆಯ, ಅಗ್ಗದ ದ್ರಾವಣವನ್ನು ಪರೀಕ್ಷಿಸಲು ಹಣ ಹೂಡುವವರು ಕಡಿಮೆ. ಇದು ಈ ಇತಿಹಾಸದ ದೊಡ್ಡ ಕೊರತೆ ಎಂದು ನನಗೆ ಅನಿಸುತ್ತದೆ.

ಹೊಸ ಮುಲಾಮುಗಳೂ ಬಂದವು. 2007ರಲ್ಲಿ ರೆಟಪಾಮುಲಿನ್, 2017ರಲ್ಲಿ ಓಜೆನಾಕ್ಸಾಸಿನ್ ಅಮೆರಿಕದಲ್ಲಿ ಅನುಮತಿ ಪಡೆದವು.

2020ರಲ್ಲಿ ಬ್ರಿಟನ್‌ನಲ್ಲಿ ವೈದ್ಯರಿಗೆ ಚಿಕಿತ್ಸೆಯ ಸಲಹೆ ಕೊಡುವ ನೈಸ್ ಸಂಸ್ಥೆಯ ಮಾರ್ಗಸೂಚಿ ಬೇರೆ ದಿಕ್ಕು ಹಿಡಿಯಿತು. ಹುಣ್ಣು ಒಂದೆರಡು ಜಾಗದಲ್ಲಿದ್ದು, ಮಗು ಚೆನ್ನಾಗಿದ್ದು, ದೊಡ್ಡ ನೀರುಗುಳ್ಳೆ ಇಲ್ಲದಿದ್ದರೆ ಮೊದಲು 1% ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮ್ ಎಂದಿತು. ಕಣ್ಣಿನ ಹತ್ತಿರ ಅದು ಸಲ್ಲದು, ಅಲ್ಲಿ ಆಂಟಿಬಯಾಟಿಕ್ ಮುಲಾಮೇ ಆಗಬೇಕು. ಹುಣ್ಣು ಹಲವು ಕಡೆ ಹರಡಿದ್ದರೆ ಮುಲಾಮು ಅಥವಾ ಬಾಯಿಂದ ಕೊಡುವ ಮದ್ದು, ಎರಡರಲ್ಲಿ ಒಂದು. ಜ್ವರ, ಸುಸ್ತು ಅಥವಾ ದೊಡ್ಡ ನೀರುಗುಳ್ಳೆ ಇದ್ದರೆ ಬಾಯಿಂದ ಕೊಡುವುದೇ ಸರಿ. ಎಳೆಗೂಸಿಗೆ ನೀರುಗುಳ್ಳೆ ಎದ್ದರೆ ಕಾಯಬಾರದು, ತಕ್ಷಣ ವೈದ್ಯರಿಗೆ ತೋರಿಸಬೇಕು. ಆ ಗುಳ್ಳೆಗೆ ಕಾರಣ ಸ್ಟ್ಯಾಫ್ ಬಿಡುವ ಒಂದು ವಿಷ. ಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನನ್ನು ಅದು ಕತ್ತರಿಸುತ್ತದೆ. ಚಿಕ್ಕ ಮಕ್ಕಳಲ್ಲಿ ಆ ವಿಷ ರಕ್ತದ ಮೂಲಕ ಮೈಯೆಲ್ಲ ಹರಡಿದರೆ ಚರ್ಮ ಸುಟ್ಟಂತೆ ಸುಲಿಯುತ್ತದೆ. ಅಮೆರಿಕದ ಸೋಂಕುರೋಗ ತಜ್ಞರ 2014ರ ಮಾರ್ಗಸೂಚಿಯಲ್ಲಿ ಮೊದಲ ಜಾಗ ಮುಲಾಮು ಆಂಟಿಬಯಾಟಿಕ್‌ಗೇ ಇದೆ, ಐದು ದಿನ, ದಿನಕ್ಕೆ ಎರಡು ಸಲ. ಹುಣ್ಣು ಜಾಸ್ತಿ ಇದ್ದರೆ ಏಳು ದಿನ ಬಾಯಿಂದ. ವೈದ್ಯರಿಂದ ವೈದ್ಯರಿಗೆ ಮಾತು ಬದಲಾಗುವುದು ಇಲ್ಲಿಂದ.

ಇಷ್ಟೆಲ್ಲ ಚರ್ಚೆ ನಡೆದದ್ದು ಒಂದೆರಡು ಹುಣ್ಣಿರುವ ಮಕ್ಕಳ ಬಗ್ಗೆ. ಲೋಕದಲ್ಲಿ ಇಂಪೆಟಿಗೋ ಜಾಸ್ತಿ ಇರುವುದು ಬೇರೆ ಕಡೆ. 2015ರ ಒಂದು ಅಂದಾಜಿನ ಪ್ರಕಾರ ಯಾವುದೇ ಹೊತ್ತಿನಲ್ಲಿ ಸುಮಾರು 16 ಕೋಟಿ ಮಕ್ಕಳಿಗೆ ಇದು ಇರುತ್ತದೆ. ಹೆಚ್ಚಿನವರು ಬಿಸಿಲು ನಾಡಿನ, ಇಕ್ಕಟ್ಟಿನ ಮನೆಗಳ ಮಕ್ಕಳು. ಅವರ ಮೈಯಲ್ಲಿ ಹುಣ್ಣು ಹತ್ತಾರು. ಅಲ್ಲಿ ಸ್ಟ್ರೆಪ್ ಇವತ್ತಿಗೂ ಬಲವಾಗಿದೆ. ಟ್ಯೂಬ್ ಮುಲಾಮು ಅಲ್ಲಿ ಸಾಕಾಗುವುದಿಲ್ಲ.

ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳಿಗೆ ದಶಕಗಳ ಕಾಲ ಕೊಟ್ಟದ್ದು ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು. ಗಟ್ಟಿ ದ್ರವ, ದಪ್ಪ ಸೂಜಿ, ತುಂಬಾ ನೋವು. ಒಮ್ಮೆ ಚುಚ್ಚಿಸಿಕೊಂಡ ಮಗು ಮುಂದಿನ ಸಲ ಆಸ್ಪತ್ರೆಗೆ ಬರಲು ಒಪ್ಪುವುದಿಲ್ಲ. 2009ರಿಂದ 2012ರವರೆಗೆ ಸಂಶೋಧಕಿ ಆಶಾ ಬೋವೆನ್ ಮತ್ತು ಸಂಗಡಿಗರು 508 ಮಕ್ಕಳಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಚುಚ್ಚುಮದ್ದು, ಉಳಿದವರಿಗೆ ಮೂರು ಅಥವಾ ಐದು ದಿನ ಬಾಯಿಂದ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್. ಎರಡೂ ಕಡೆ ಸುಮಾರು 85% ಮಕ್ಕಳ ಹುಣ್ಣು ಆರಿತು. ಕೋಟ್ರೈಮಾಕ್ಸಜೋಲ್ ಹಳೆಯ, ಅಗ್ಗದ ಮದ್ದು. ಅದು ಸ್ಟ್ರೆಪ್‌ಗೆ ಕೆಲಸಕ್ಕೆ ಬಾರದು ಎಂದು ಬಹಳ ಕಾಲ ನಂಬಿದ್ದರು. ಆ ನಂಬಿಕೆ ಇಲ್ಲಿ ಬಿದ್ದುಹೋಯಿತು.

ನನಗೆ ಇನ್ನೂ ಮುಖ್ಯವಾಗಿ ಕಾಣುವುದು ಫಿಜಿಯ ಪ್ರಯೋಗ. ಅಲ್ಲಿ ಕಜ್ಜಿಹುಳು ತುಂಬಾ ಸಾಮಾನ್ಯ. ಹುಳು ಚರ್ಮದಲ್ಲಿ ಕೊರೆಯುತ್ತದೆ, ಮಗು ತುರಿಸುತ್ತದೆ, ಬಿರುಕಿನಲ್ಲಿ ಬ್ಯಾಕ್ಟೀರಿಯಾ ಕೂರುತ್ತದೆ. ಹುಣ್ಣಿಗೆ ಎಷ್ಟು ಆಂಟಿಬಯಾಟಿಕ್ ಕೊಟ್ಟರೂ ಹುಳು ಇರುವ ತನಕ ಹೊಸ ಹುಣ್ಣು ಏಳುತ್ತಲೇ ಇರುತ್ತದೆ. ಸಂಶೋಧಕರು ಹುಣ್ಣನ್ನು ಬಿಟ್ಟು ಹುಳುವಿನ ಬೆನ್ನು ಹತ್ತಿದರು. ಕೆಲವು ಸಮುದಾಯಗಳಲ್ಲಿ ಎಲ್ಲರಿಗೂ ಒಟ್ಟಿಗೆ ಹುಳು ಕೊಲ್ಲುವ ಐವರ್ಮೆಕ್ಟಿನ್ ಎಂಬ ಮದ್ದು ಕೊಟ್ಟರು. ಒಂದು ವರ್ಷದ ನಂತರ ಅಲ್ಲಿ ಕಜ್ಜಿ 32%ನಿಂದ 2%ಗೆ ಇಳಿದಿತ್ತು. ಇಂಪೆಟಿಗೋ ಸುಮಾರು 25%ನಿಂದ 8%ಗೆ ಬಂದಿತ್ತು. ಐವರ್ಮೆಕ್ಟಿನ್ ಆಂಟಿಬಯಾಟಿಕ್ಕೇ ಅಲ್ಲ. ಆಮೇಲೆ ಸಾಲೊಮನ್ ದ್ವೀಪಗಳಲ್ಲಿ ಅದರ ಜೊತೆ ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಸೇರಿಸಿ ನೋಡಿದರು. ಇಂಪೆಟಿಗೋ ಇಳಿಸುವುದರಲ್ಲಿ ಅದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಸಾಮೂಹಿಕವಾಗಿ ಐವರ್ಮೆಕ್ಟಿನ್ ಕೊಡುವ ದಾರಿ ಅದರಿಂದ ಸುಲಭವಾಯಿತು. ಒಂದು ತೊಡಕು ಮಾತ್ರ ಉಳಿದಿದೆ. 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಐವರ್ಮೆಕ್ಟಿನ್ ಕೊಡುವ ರೂಢಿಯಿಲ್ಲ. ಅವರಿಗೆ ಹುಳು ಕೊಲ್ಲುವ ಪರ್ಮೆಥ್ರಿನ್ ಕ್ರೀಮನ್ನು ಮೈಯೆಲ್ಲ ಹಚ್ಚಿ, ಗಂಟೆಗಟ್ಟಲೆ ಬಿಟ್ಟು ತೊಳೆಯಬೇಕು. ಇಂಪೆಟಿಗೋ ಹೆಚ್ಚಾಗಿ ಕಾಡುವ ಎರಡು ಮೂರು ವರ್ಷದ ಮಕ್ಕಳಲ್ಲಿ ಬಹಳ ಮಂದಿ ಇದೇ ತೂಕದವರು.