ಗಾಲಿ ಕೆಳಗಿಳಿದಷ್ಟೂ ಹಿಡಿತ

ಸಿಂಧನೂರು, ಗಂಗಾವತಿ ಕಡೆಯ ಭತ್ತದ ಗದ್ದೆಗಳಲ್ಲಿ ಓಡಾಡುವ ಸಾಮಾನ್ಯ ಟ್ರ್ಯಾಕ್ಟರಿನ ಕೆಳಗೆ ಬಗ್ಗಿ ನೋಡಿ. ಹಿಂದಿನ ಆಕ್ಸಲ್ ಮತ್ತು ಗೇರ್‌ಬಾಕ್ಸ್ ಸೇರಿ ಒಂದೇ ಗಟ್ಟಿ ಒಡಲು. ಸ್ಪ್ರಿಂಗಿನ ಸುಳಿವೇ ಇಲ್ಲ. ಮುಂದಿನ ಆಕ್ಸಲ್ ಮಾತ್ರ ನಡುವಿನ ಒಂದು ದಪ್ಪ ಪಿನ್ನಿನ ಮೇಲೆ ತಕ್ಕಡಿಯ ದಂಡಿಯಂತೆ ಎಡಬಲಕ್ಕೆ ವಾಲುತ್ತದೆ. ಎಡಗಾಲಿ ಬದು ಹತ್ತಿದರೆ ಬಲಗಾಲಿ ತಾನಾಗಿ ತಗ್ಗಿಗಿಳಿಯುತ್ತದೆ, ಎರಡರ ಮೇಲೂ ಭಾರ ಸಮನಾಗಿಯೇ ಉಳಿಯುತ್ತದೆ. ಚಾಲಕನ ಸೊಂಟದ ಗತಿ ಏನಾದರೂ ಆಗಲಿ, ಗಾಲಿಗಳು ನೆಲ ಬಿಡುವುದಿಲ್ಲ. 2023ರಲ್ಲಿ ಚಂದ್ರನ ಮೇಲೆ ಓಡಿದ ಪ್ರಜ್ಞಾನ್ ರೋವರಿನ ಆರು ಗಾಲಿಗಳೂ ಹೀಗೆಯೇ ಸ್ಪ್ರಿಂಗ್ ಇಲ್ಲದ ಕೀಲುತೋಳುಗಳಿಗೆ ಜೋಡಿಸಿದವು. ಎರಡೂ ನಿಧಾನಗತಿಯ ವಾಹನಗಳು, ಅದಕ್ಕೇ ಇದು ಸಾಧ್ಯ. ವೇಗ ಬೇಕೆಂದ ಕೂಡಲೇ ಸ್ಪ್ರಿಂಗ್ ಬರುತ್ತದೆ, ಅದರ ಜೊತೆಗೆ ತಕರಾರುಗಳೂ ಬರುತ್ತವೆ.

ಹಿಡಿತದ ಲೆಕ್ಕ ಮೊದಲು ನೋಡೋಣ. ಎಂಜಿನ್ನಿನ ಬಲವನ್ನು ಗಾಲಿಗಳಿಗೆ ಹಂಚುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. ಸಾಮಾನ್ಯ ಡಿಫರೆನ್ಷಿಯಲ್ ಎಡಬಲದ ಎರಡು ಗಾಲಿಗಳಿಗೂ ಸಮನಾದ ತಿರುಚುಬಲವನ್ನೇ ಕೊಡುತ್ತದೆ. ಆದ್ದರಿಂದ ದುರ್ಬಲ ಗಾಲಿ ಎಷ್ಟು ತಾಳುತ್ತದೋ ಅಷ್ಟೇ ಬಲವಾದ ಗಾಲಿಗೂ ಸಿಗುತ್ತದೆ. ಹಿಂದಿನ ಎರಡು ಗಾಲಿಗಳ ಮೇಲೆ ತಲಾ 400 ಕೆಜಿ ಭಾರವಿದೆ, ಘರ್ಷಣೆಯ ಗುಣಾಂಕ 0.6 ಎಂದುಕೊಳ್ಳಿ. ಒಂದೊಂದೂ 240 ಕೆಜಿಯಷ್ಟು ಎಳೆಯಬಲ್ಲದು, ಒಟ್ಟು 480. ಅದೇ ಗಾಡಿ ಓರೆಯಾಗಿ ಹಳ್ಳಕ್ಕಿಳಿದು ಭಾರ 700 ಮತ್ತು 100 ಎಂದು ಹಂಚಿಹೋದರೆ? ದುರ್ಬಲ ಗಾಲಿಯ ಮಿತಿ 60, ಇನ್ನೊಂದಕ್ಕೂ 60, ಒಟ್ಟು 120. ತೂಕ ಒಂದು ಕೆಜಿಯೂ ಕಡಿಮೆಯಾಗಿಲ್ಲ, ಎಳೆತ ಮಾತ್ರ ಕಾಲು ಭಾಗಕ್ಕೆ ಬಿದ್ದಿದೆ. ಮಹೀಂದ್ರಾ ಥಾರ್ ಜೀಪಿನ ಕೆಲವು ಮಾದರಿಗಳಲ್ಲಿರುವ, ಎರಡೂ ಗಾಲಿಗಳನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಇಂತಹ ಹೊತ್ತಿನಲ್ಲಿ ಕೈಹಿಡಿಯುತ್ತದೆ. ಆದರೆ ಅದು ಕಾಯಿಲೆ ಬಂದ ಮೇಲಿನ ಔಷಧ. ಭಾರವನ್ನು ಸಮನಾಗಿ ಹಂಚುವುದು ಸಸ್ಪೆನ್ಷನ್ನಿನ, ಅಂದರೆ ಗಾಲಿಯನ್ನು ಒಡಲಿಗೆ ಜೋಡಿಸುವ ಸ್ಪ್ರಿಂಗು, ತೋಳುಗಳ ಕೆಲಸ.

ಈಗ ಸ್ಪ್ರಿಂಗಿನ ವಿಚಾರ. 400 ಕೆಜಿ ಹೊತ್ತ ಗಾಲಿಯ ಸ್ಪ್ರಿಂಗ್ ಒಂದು ಸೆಂಟಿಮೀಟರ್ ಕುಗ್ಗಲು 40 ಕೆಜಿ ಬೇಡುವುದಾದರೆ, ನಿಂತಲ್ಲೇ ಅದು 10 ಸೆಂ.ಮೀ. ಕುಗ್ಗಿರುತ್ತದೆ. ಗುಂಡಿ ಎದುರಾದಾಗ ಗಾಲಿಯನ್ನು ಕೆಳಗೆ ಒತ್ತಲು ಉಳಿದಿರುವ ಬಂಡವಾಳ ಆ 10 ಸೆಂ.ಮೀ. ಮಾತ್ರ. ಒಡಲು ಅಲುಗದಿದ್ದರೆ, 5 ಸೆಂ.ಮೀ. ಇಳಿದಾಗ ಒತ್ತಡ 200 ಕೆಜಿ, 10ಕ್ಕೆ ಸೊನ್ನೆ. 20 ಕೆಜಿ ಬೇಡುವ ಮೆದು ಸ್ಪ್ರಿಂಗಾದರೆ 10 ಸೆಂ.ಮೀ. ಇಳಿದ ಮೇಲೂ 200 ಕೆಜಿ ಒತ್ತಿ ಹಿಡಿದಿರುತ್ತದೆ. 80 ಕೆಜಿಯ ಬಿಗಿ ಸ್ಪ್ರಿಂಗ್ 5 ಸೆಂ.ಮೀ.ಗೇ ಕೈಚೆಲ್ಲುತ್ತದೆ. ಗಾಡಿ ಎತ್ತರ ಕಾಣಲೆಂದು ಬಿಗಿಯಾದ ಸ್ಪ್ರಿಂಗ್ ಹಾಕಿಸಿ, ಹಳೆಯ ಗಿಡ್ಡ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಳ್ಳುವವರು ದುಡ್ಡು ಕೊಟ್ಟು ಹಿಡಿತ ಕಳೆದುಕೊಳ್ಳುತ್ತಾರೆ. ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿಕೊಂಡಲ್ಲಿಗೆ ಗಾಲಿಯ ಇಳಿತವೂ ಮುಗಿಯಿತು. ಮೇಲಾಗಿ ಗುರುತ್ವಕೇಂದ್ರ ಮೇಲೇರಿ ಗಾಡಿ ಮಗುಚುವ ಭಯ ಬೇರೆ.

ಆನೆಗೊಂದಿ, ಸಾಣಾಪುರದ ಸುತ್ತಿನಂತಹ ಬಂಡೆ ನೆಲದಲ್ಲಿ ಎಡಬಲದ ಗಾಲಿಗಳನ್ನು ಒಂದೇ ಗಟ್ಟಿ ದಂಡಕ್ಕೆ ಜೋಡಿಸುವ ಇಡಿಯ ಆಕ್ಸಲ್ಲಿಗೇ ನನ್ನ ಮತ. ಬಂಡೆ ಒಂದು ಗಾಲಿಯನ್ನು ಮೇಲೆತ್ತಿದರೆ ಆಕ್ಸಲ್ ಇನ್ನೊಂದನ್ನು ಕೆಳಕ್ಕೆ ಒತ್ತುತ್ತದೆ, ಟ್ರ್ಯಾಕ್ಟರಿನ ಗುಣ ಸ್ವಲ್ಪ ಉಳಿದುಕೊಳ್ಳುತ್ತದೆ. ಮಾರುತಿ ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಇಂತಹದೇ ಆಕ್ಸಲ್. 2020ರ ಥಾರ್‌ಗೆ ಹಿಂದೆ ಮಾತ್ರ. ಮುಂದಿನ ಗಾಲಿಗಳು ಒಂದರ ಹಂಗು ಇನ್ನೊಂದಕ್ಕಿಲ್ಲದೆ ಬೇರೆ ಬೇರೆ ತೋಳುಗಳ ಮೇಲಿವೆ. ಆ ತೋಳಿನ ಉದ್ದ ಮತ್ತು ಗಾಲಿಗೆ ಎಂಜಿನ್ನಿನ ಬಲ ಒಯ್ಯುವ ದಂಡದ ಕೀಲು ಬಾಗುವ ಕೋನ ಗಾಲಿಯ ಓಡಾಟಕ್ಕೆ ಗಡಿ ಹಾಕುತ್ತವೆ. ಎಡಬಲ ಗಾಲಿಗಳನ್ನು ಬೆಸೆಯುವ ಆಂಟಿರೋಲ್ ಬಾರ್ ಇದ್ದರೆ ಇನ್ನಷ್ಟು ಬಿಗಿ. ಹಾಗೆಂದು ಆ ಬಾರನ್ನು ಬೈಯುವಂತಿಲ್ಲ. ಕುಷ್ಟಗಿ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ವೇಗವಾಗಿ ಹೋಗುವಾಗ ಗಾಡಿ ಒಂದು ಬದಿಗೆ ವಾಲದಂತೆ ತಡೆಯುವುದು ಅದೇ. ಭಾರದ ಇಡಿಯ ಆಕ್ಸಲ್ ಅಲ್ಲಿ ಕುಣಿಯುತ್ತದೆ. ಟ್ರ್ಯಾಕ್ಟರಿಗೂ ಬದಿಗೆ ವಾಲುವ ಶಾಪವಿದೆ: ಸಡಿಲವಾಗಿ ವಾಲುವ ಮುಂದಿನ ಆಕ್ಸಲ್ ತಡೆಗಟ್ಟೆಗೆ ತಾಗುವವರೆಗೂ ಒಡಲನ್ನು ನೆಟ್ಟಗೆ ನಿಲ್ಲಿಸಲು ನೆರವಾಗುವುದಿಲ್ಲ. ಬದುವಿನ ಮೇಲೆ ಅದು ಮಗುಚುವುದಕ್ಕೆ ಇದೂ ಒಂದು ಕಾರಣ.

ಈ ಲೆಕ್ಕವೆಲ್ಲ ಗಟ್ಟಿ ನೆಲಕ್ಕೆ, ಹೆಚ್ಚೆಂದರೆ ಮಸಾರಿ ಎಂಬ ಕೆಂಪು ಮಣ್ಣಿಗೆ. ರಾಯಚೂರಿನ ಎರೆ, ಅಂದರೆ ಕಪ್ಪು ನೆಲದ ಜೇಡಿ ನೀರು ಕುಡಿದು ಉಬ್ಬುತ್ತದೆ, ಟೈರಿನ ಹಲ್ಲುಗಳ ಸಂದಿಗೆ ಮೆತ್ತಿಕೊಂಡು ಅದನ್ನು ನುಣ್ಣನೆಯ ಉರುಳೆಯನ್ನಾಗಿಸುತ್ತದೆ. ಮಳೆ ಬಿದ್ದ ಎರೆ ಹೊಲಕ್ಕೆ ಅದರ ಒಡೆಯನೇ ಗಾಡಿ ಇಳಿಸುವುದಿಲ್ಲ ಎಂಬುದನ್ನು ಪಟ್ಟಣದಿಂದ ಬರುವ ಜೀಪಿನವರು ಗಮನಿಸುವುದು ಒಳ್ಳೆಯದು. ಅಲ್ಲಿ ಸಸ್ಪೆನ್ಷನ್ನಿಗಿಂತ ಟೈರಿನ ಮಾತೇ ನಡೆಯುತ್ತದೆ. ಗಾಳಿ ಇಳಿಸಿದರೆ ಟೈರು ನೆಲಕ್ಕೆ ಅಗಲವಾಗಿ ತಾಗಿ ಕಡಿಮೆ ಹೂತುಕೊಳ್ಳುತ್ತದೆ. ಡಾಂಬರು ರಸ್ತೆಗೆ ಮರಳುವ ಮೊದಲು ಗಾಳಿ ತುಂಬಿಸದಿದ್ದರೆ ಅದೇ ಟೈರು ಬಿಸಿಯೇರಿ ಒಡೆಯಬಹುದು.