ಚಾಕೊಲೇಟ್ ಬಾದಾಮಿ ಬೆಳ್ಳಗಾಯಿತೆ? ಮೊದಲು ಫ್ರಿಜ್ಜಿನ ಬಾಗಿಲು ಮುಚ್ಚಿ

ಪ್ರಶ್ನೆ: ಹುರಿದ ಬಾದಾಮಿಯನ್ನು ಕರಗಿಸಿದ ಚಾಕೊಲೇಟಿನಲ್ಲಿ ಅದ್ದಿ ಫ್ರಿಜ್ಜಿನಲ್ಲಿಟ್ಟೆ. ತೆಗೆದಾಗ ಗಟ್ಟಿಯಾಗಿಯೇ ಇತ್ತು. ಹೊರಗಿಟ್ಟ ಸ್ವಲ್ಪ ಹೊತ್ತಿಗೆ ಬೆರಳಿಗೆಲ್ಲ ಮೆತ್ತಿಕೊಂಡಿತು, ಎರಡು ದಿನಕ್ಕೆ ಬೂಷ್ಟು ಹಿಡಿದ ಹಾಗೆ ಬೆಳ್ಳಗಾಯಿತು. ಎಸೆಯಬೇಕೆ?

ಎಸೆಯಬೇಡಿ, ಅದು ಬೂಷ್ಟಲ್ಲ. ತಿನ್ನಲು ಅಡ್ಡಿಯಿಲ್ಲ, ನೋಡಲು ಮಾತ್ರ ಚೆನ್ನಾಗಿಲ್ಲ.

ಈ ಪ್ರಶ್ನೆ ಬಾರದ ವಾರವಿಲ್ಲ. ಒಮ್ಮೆ ಬಾದಾಮಿ, ಒಮ್ಮೆ ಗೋಡಂಬಿ, ಒಮ್ಮೆ ಶೇಂಗಾ; ಫ್ರಿಜ್ಜು ಮಾತ್ರ ಎಲ್ಲದರಲ್ಲೂ ಇದ್ದೇ ಇರುತ್ತದೆ. ಚಾಕೊಲೇಟ್ ಗಟ್ಟಿಯಾಗಬೇಕು, ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು ಎಂಬ ನಂಬಿಕೆ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ: ಫ್ರಿಜ್ಜು ಚಾಕೊಲೇಟನ್ನು ತಣ್ಣಗೆ ಮಾಡುತ್ತದೆ, ಸರಿಯಾಗಿ ಗಟ್ಟಿ ಮಾಡುವುದಿಲ್ಲ. ಇವೆರಡು ಬೇರೆ ಬೇರೆ ಕೆಲಸ.

ಚಾಕೊಲೇಟಿನ ಗಟ್ಟಿತನವೆಲ್ಲ ಕೋಕೋ ಬೆಣ್ಣೆಯದು. ಈ ಬೆಣ್ಣೆ ಆರು ಬಗೆಯ ಹರಳುಗಳಾಗಿ ಹೆಪ್ಪುಗಟ್ಟಬಲ್ಲದು, ಒಂದೊಂದೂ ಕರಗುವ ಶಾಖ ಬೇರೆ. ನಮಗೆ ಬೇಕಾದದ್ದು ಐದನೆಯ ಬಗೆ. ಅದು ಕರಗುವುದು ಸುಮಾರು 33–34 ಡಿಗ್ರಿಯಲ್ಲಿ, ಹಾಗಾಗಿ ಬೆರಳಲ್ಲಿ ಹಿಡಿದಾಗ ನಿಲ್ಲುತ್ತದೆ, ಬಾಯಲ್ಲಿ ಕರಗುತ್ತದೆ. ಹೊಳಪು, ಮುರಿದಾಗ ಟಕ್ಕೆನ್ನುವ ಸದ್ದು ಎರಡೂ ಅದರಿಂದಲೇ. ಬಿಸಿ ಚಾಕೊಲೇಟನ್ನು ಏಕಾಏಕಿ 4 ಡಿಗ್ರಿಯ ಪೆಟ್ಟಿಗೆಗೆ ತಳ್ಳಿದರೆ ಐದನೆಯ ಬಗೆ ಕೂಡಿಕೊಳ್ಳಲು ಸಮಯವೇ ಸಿಗದು. ಕೆಳಗಿನ ದುರ್ಬಲ ಬಗೆಗಳು ಮೊದಲು ಜಾಗ ಹಿಡಿಯುತ್ತವೆ. ಅವು 28 ಡಿಗ್ರಿ ದಾಟುವ ಮೊದಲೇ ಕರಗುವಂಥವು, ಅದಕ್ಕೇ ಕೈಗೆ ಮೆತ್ತಿಕೊಂಡದ್ದು. ಉಳಿದವು ದಿನ ಕಳೆದಂತೆ ತಾವಾಗಿಯೇ ರೂಪ ಬದಲಿಸುತ್ತವೆ, ಆಗ ಕೊಬ್ಬು ಮೇಲಕ್ಕೆ ಬಂದು ಬೆಳ್ಳಗೆ ಕಾಣುತ್ತದೆ.

ಫ್ರಿಜ್ಜು ಮಾಡುವ ಕೇಡು ಇನ್ನೂ ಒಂದಿದೆ. ತಣ್ಣನೆಯ ಚಾಕೊಲೇಟನ್ನು ಹೊರಗೆ ತೆಗೆದೊಡನೆ ಗಾಳಿಯ ತೇವ ಅದರ ಮೇಲೆ ಬೆವರಿನಂತೆ ಕೂರುತ್ತದೆ. ಆ ನೀರಿಗೆ ಸಕ್ಕರೆ ಕರಗಿ, ಒಣಗಿದಾಗ ಒರಟಾದ ಬಿಳಿ ಪದರ ಉಳಿಯುತ್ತದೆ. ಯಾವುದು ಯಾವುದೆಂದು ತಿಳಿಯಲು ಬೆರಳಿನಿಂದ ಮೆಲ್ಲಗೆ ಉಜ್ಜಿ: ಜಾರಿ ಮಾಯವಾದರೆ ಕೊಬ್ಬು, ಮರಳಿನಂತೆ ತರಿತರಿಯಾಗಿದ್ದರೆ ಸಕ್ಕರೆ.

"ನಮಗೆ ಗೊತ್ತಿದ್ದವರು ಫ್ರಿಜ್ಜಿನಲ್ಲಿಟ್ಟೇ ಮಾಡುತ್ತಾರೆ, ಏನೂ ಆಗಿಲ್ಲ" ಎನ್ನುವವರು ಅವರ ಪೊಟ್ಟಣದ ಹಿಂಬದಿ ಓದಿ. ಕೋಕೋ ಬೆಣ್ಣೆಯ ಬದಲು ತಾಳೆಬೀಜದ ಎಣ್ಣೆಯಂಥ ಕೊಬ್ಬು ಇದ್ದರೆ ಅದು ಕಾಂಪೌಂಡ್. ಅದಕ್ಕೆ ಈ ಹರಳಿನ ತಕರಾರಿಲ್ಲ. ಕರಗಿಸಿ, ಅದ್ದಿ, ಫ್ರಿಜ್ಜಿನಲ್ಲಿಡಿ, ನಡೆಯುತ್ತದೆ. ರುಚಿಯ ವಿಷಯ ನಾನು ಎತ್ತುವುದಿಲ್ಲ. ಕಾಂಪೌಂಡಿನ ಸಲಹೆಯನ್ನು ಚಾಕೊಲೇಟಿಗೆ ಅಂಟಿಸಬೇಡಿ ಎಂಬುದಷ್ಟೇ ನನ್ನ ಕೋರಿಕೆ. ಹೊಳಪಿಗೆಂದು ಒಂದು ಚಮಚ ಕೊಬ್ಬರಿ ಎಣ್ಣೆ ಸುರಿಯುವವರಿಗೂ ಇದೇ ಉತ್ತರ: ಅದರಿಂದ ಚಾಕೊಲೇಟ್ ತೆಳ್ಳಗಾಗುತ್ತದೆ, ಇನ್ನಷ್ಟು ಮೆತ್ತಗೂ ಆಗುತ್ತದೆ.

ಸರಿಯಾದ ದಾರಿ ಕಷ್ಟದ್ದೇನಲ್ಲ, ಒಂದು ಥರ್ಮಾಮೀಟರ್ ಬೇಕು ಅಷ್ಟೆ. 300 ಗ್ರಾಂ ಡಾರ್ಕ್ ಚಾಕೊಲೇಟಿನಲ್ಲಿ 100 ಗ್ರಾಮನ್ನು ಸಣ್ಣಗೆ ಹೆಚ್ಚಿ ಬದಿಗಿಡಿ. ಉಳಿದ 200 ಗ್ರಾಮನ್ನು ಬಿಸಿನೀರಿನ ಪಾತ್ರೆಯ ಮೇಲೆ 45–50 ಡಿಗ್ರಿಗೆ ಕರಗಿಸಿ ಇಳಿಸಿ, ಬಟ್ಟಲಿನ ತಳದ ನೀರು ಒರೆಸಿ. ಹೆಚ್ಚಿಟ್ಟದ್ದನ್ನು ಮೂರು ಕಂತಿನಲ್ಲಿ ಸೇರಿಸುತ್ತ, ಕೈ ನಿಲ್ಲಿಸದೆ ಕಲಕಿ 31–32 ಡಿಗ್ರಿಗೆ ತನ್ನಿ. ಹಾಲಿನ ಚಾಕೊಲೇಟಾದರೆ ಕರಗಿಸುವುದು 40–45ಕ್ಕೆ, ನಿಲ್ಲುವುದು 29–30ಕ್ಕೆ. ಹೆಚ್ಚಿಟ್ಟ ಚೂರುಗಳಲ್ಲಿ ಸರಿಯಾದ ಹರಳು ಮೊದಲೇ ಇರುತ್ತದೆ, ಉಳಿದದ್ದಕ್ಕೂ ಅದೇ ಹೆಪ್ಪು. ಚಾಕುವಿನ ತುದಿ ಅದ್ದಿ ಪಕ್ಕಕ್ಕಿಡಿ. ಕೋಣೆ 20–22 ಡಿಗ್ರಿ ಇದ್ದರೆ ಐದು ನಿಮಿಷದೊಳಗೆ ಒಣಗಿ ಹೊಳೆಯಬೇಕು. ಗೆರೆ ಮೂಡಿದರೆ ಇನ್ನೂ ಕಲಕಿ. ಬಿಸಿ 34 ದಾಟಿತೋ, ಮೊದಲಿನಿಂದ ಶುರು.

ಬಾದಾಮಿ 250 ಗ್ರಾಂ. 160 ಡಿಗ್ರಿ ಓವನ್ನಿನಲ್ಲಿ 10–12 ನಿಮಿಷ ಹುರಿದು ಒಂದನ್ನು ಸೀಳಿ ನೋಡಿ, ಒಳಗೆ ತಿಳಿ ಕಂದು ಬಂದಿರಬೇಕು. ಪೂರ್ತಿ ಆರಿದ ಮೇಲೆಯೇ ಅದ್ದಿ. ಬೆಚ್ಚಗಿದ್ದರೆ ಕಷ್ಟಪಟ್ಟು ಕೂಡಿಸಿದ ಹರಳು ಕರಗಿಹೋಗುತ್ತದೆ, ಫ್ರಿಜ್ಜಿನಿಂದ ಬಂದದ್ದಾದರೆ ಆಮೇಲೆ ಹಿಗ್ಗಿ ಲೇಪ ಬಿರುಕು ಬಿಡುತ್ತದೆ. ಫೋರ್ಕಿನಿಂದ ಒಂದೊಂದಾಗಿ ಎತ್ತಿ, ಬಟ್ಟಲಿನ ಅಂಚಿಗೆ ತಟ್ಟಿ, ಬಟರ್ ಪೇಪರಿನ ಮೇಲಿಡಿ. ಒಂದಿಷ್ಟು ಚಾಕೊಲೇಟ್ ಉಳಿಯುತ್ತದೆ, ಮುಳುಗಲು ಆಳ ಬೇಕಲ್ಲ. ಹರಡಿ ಒಣಗಿಸಿದರೆ ಮುಂದಿನ ಸಲಕ್ಕಾಯಿತು. ಒಂದು ಹನಿ ನೀರು ಬಿದ್ದು ಚಾಕೊಲೇಟ್ ಮುದ್ದೆಗಟ್ಟಿದರೆ ಅದು ಲೇಪಕ್ಕೆ ಬಾರದು. ಬಿಸಿ ಕೆನೆ ಬೆರೆಸಿ ಸಾಸ್ ಮಾಡಿಕೊಳ್ಳಿ.

ಇಷ್ಟಾದ ಮೇಲೆ ಫ್ರಿಜ್ಜಿಗೂ ಒಂದು ಪಾತ್ರವಿದೆ. ಹೆಪ್ಪುಗಟ್ಟುವಾಗ ಚಾಕೊಲೇಟ್ ತಾನೇ ಶಾಖ ಬಿಡುತ್ತದೆ. ಮೇಲ್ಮೈಯ ಒದ್ದೆ ಹೊಳಪು ಅಡಗತೊಡಗಿದಾಗ ತಟ್ಟೆಯನ್ನು ಹತ್ತು ನಿಮಿಷ ಒಳಗಿಟ್ಟು ತೆಗೆದರೆ ಆ ಶಾಖ ಹೋಗುತ್ತದೆ. ಹತ್ತು ನಿಮಿಷ ಎಂದರೆ ಹತ್ತೇ ನಿಮಿಷ. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ, 16–18 ಡಿಗ್ರಿಯ ಕತ್ತಲ ಜಾಗದಲ್ಲಿಡಿ. ಮನೆಯೇ ಕಾದ ಹಂಚಾಗಿದ್ದು ಫ್ರಿಜ್ಜೇ ಗತಿಯಾದರೆ, ಹೊರಗೆ ತೆಗೆದ ಡಬ್ಬಿ ಕೋಣೆಯ ಶಾಖಕ್ಕೆ ಬರುವ ತನಕ ಮುಚ್ಚಳ ತೆರೆಯಬೇಡಿ. ಮೂರು ನಾಲ್ಕು ವಾರದಲ್ಲಿ ಖಾಲಿ ಮಾಡಿ. ಬಾದಾಮಿಯ ಎಣ್ಣೆ ನಿಧಾನವಾಗಿ ಚಾಕೊಲೇಟಿಗೆ ಇಳಿಯುತ್ತದೆ, ಎಷ್ಟು ಚೆನ್ನಾಗಿ ಮಾಡಿದ್ದರೂ ಒಂದು ದಿನ ಬಿಳಿ ಛಾಯೆ ಬರುತ್ತದೆ.

ಅಂಗಡಿಯದು ಗೋಲಿಯಂತೆ ದುಂಡಗೆ, ಕನ್ನಡಿಯಂತೆ ಹೊಳೆಯುವುದು ಹೇಗೆಂದು ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಅದು ಅದ್ದಿದ್ದಲ್ಲ. ತಿರುಗುವ ದೊಡ್ಡ ಪಾತ್ರೆಯಲ್ಲಿ ಬಾದಾಮಿ ಉರುಳುತ್ತಿರುವಾಗ ತಂಪು ಗಾಳಿ ಬಿಟ್ಟು, ಚಾಕೊಲೇಟನ್ನು ತೆಳು ಪದರವಾಗಿ ಮತ್ತೆ ಮತ್ತೆ ಹಾಕುತ್ತಾರೆ. ಕೊನೆಗೆ ಗೋಂದಿನ ನೀರು, ಅದರ ಮೇಲೆ ಅರಗಿನ ಮೆರುಗು. ಹೊಳಪಿನ ಬಹುಪಾಲು ಅರಗಿನದು, ಚಾಕೊಲೇಟಿನದಲ್ಲ. ಮನೆಯಲ್ಲಿ ಅದರ ಹತ್ತಿರಕ್ಕೆ ಹೋಗಬೇಕೆಂದರೆ ಅಗಲ ಬಟ್ಟಲಿನಲ್ಲಿ ಆರಿದ ಬಾದಾಮಿ ಹಾಕಿ, ಟೆಂಪರ್ ಆದ, ಅಂದರೆ ಮೇಲೆ ಹೇಳಿದಂತೆ ಕರಗಿಸಿ ಕಲಕಿ ಸರಿಯಾದ ಶಾಖಕ್ಕೆ ತಂದ ಚಾಕೊಲೇಟಿನಲ್ಲಿ 200 ಗ್ರಾಮನ್ನು ನಾಲ್ಕೈದು ಕಂತಾಗಿ ಸುರಿಯಿರಿ. ಪ್ರತಿ ಕಂತೂ ಒಣಗಿ ಬಾದಾಮಿಗಳು ಬಿಡಿಬಿಡಿಯಾಗುವ ತನಕ ಸೌಟಾಡಿಸಬೇಕು. ಕೊನೆಯ ಕಂತು ಇನ್ನೂ ತುಸು ಅಂಟಂಟಾಗಿರುವಾಗಲೇ ಎರಡು ಚಮಚ ಕೋಕೋ ಪುಡಿ ಉದುರಿಸಿ ಹೊರಳಾಡಿಸಿ, ಹೆಚ್ಚಾದದ್ದನ್ನು ಜರಡಿ ಹಿಡಿಯಿರಿ.